ಸೆಕೆ ನಮಗೇನು ಹೊಸದೇ?

ಪ್ರತಿ ವರ್ಷ ಜೂನ್ ಅಥವಾ ಜುಲೈ ತಿಂಗಳಿನಲ್ಲಿ ಲಂಡನ್ನಿನ ಉಷ್ಣಾಂಶ ಮೂವತ್ತರ ಗಡಿಯನ್ನು ದಾಟಿದೊಡನೆ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಬಗೆಯ ಹಾಸ್ಯ ಹರಿದಾಡತೊಡಗುತ್ತದೆ. ಇಲ್ಲಿಯ ಪತ್ರಿಕೆಗಳು ಮುಖಪುಟದಲ್ಲಿ ಕೆಂಪು ನಕಾಶೆ ಮುದ್ರಿಸಿ ಎಚ್ಚರಿಕೆ ನೀಡುತ್ತಿದ್ದರೆ, ನಾವು ರಾಯಚೂರಿನ ಏಪ್ರಿಲ್ ತಿಂಗಳ ಉಷ್ಣಾಂಶವನ್ನು ಪಕ್ಕದಲ್ಲಿಟ್ಟು ನಗುತ್ತೇವೆ. "ಮೂವತ್ತೆರಡಕ್ಕೇ ಇಷ್ಟೊಂದು ಗಲಾಟೆಯೇ? ನಮ್ಮೂರಲ್ಲಿ ಇದಕ್ಕೆ ಸ್ವೆಟರ್ ಹಾಕುತ್ತಾರೆ" ಎಂದು ಒಬ್ಬರು ಬರೆದರೆ, ಅದರ ಕೆಳಗೆ ನಗುವ ಮುಖಗಳ ಸಾಲು ನಿಲ್ಲುತ್ತದೆ. ಬಿಸಿಲ ನಾಡಿನಿಂದ ಬಂದವರೆಂಬ ಹೆಮ್ಮೆ ಅದು. ಚಳಿಗಾಲವಿಡೀ ನಡುಗಿ ಕಳೆದವರಿಗೆ ವರ್ಷಕ್ಕೊಮ್ಮೆಯಾದರೂ ಇಂಥ ಹೆಮ್ಮೆ ಸಿಕ್ಕಬೇಕಲ್ಲವೇ!

ಹಾಸ್ಯಕ್ಕೆ ನನ್ನ ವಿರೋಧವಿಲ್ಲ. ಆದರೆ ಆ ಹೆಮ್ಮೆ ಹಾಸ್ಯದಲ್ಲಿಯೇ ನಿಲ್ಲದೆ ನಮ್ಮ ನಡವಳಿಕೆಯೊಳಗೆ ಇಳಿದಾಗ ಅದರ ಬೆಲೆಯನ್ನು ತೆರುವವರು ನಾವಲ್ಲ, ನಮ್ಮ ಮನೆಯ ಹಿರಿಯರು. ಮೊಮ್ಮಕ್ಕಳೊಡನೆ ಬೇಸಿಗೆ ಕಳೆಯಲೆಂದು ಮೇ ತಿಂಗಳಿನಲ್ಲಿ ಬಂದು ಸೆಪ್ಟೆಂಬರ್ ಹೊತ್ತಿಗೆ ಹಿಂದಿರುಗುವ ಅಪ್ಪ, ಅಮ್ಮ, ಅತ್ತೆ, ಮಾವಂದಿರು. ನಾವು ಕಚೇರಿಯ ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತಿರುವಾಗ, ಇಟ್ಟಿಗೆ ಮನೆಯ ಮೇಲಂತಸ್ತಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಯುವವರು ಅವರು. ವೈದ್ಯವೃತ್ತಿಯಲ್ಲಿರುವ ಕಾರಣದಿಂದ ಬಳಗದ ಅನೇಕರು ನನಗೆ ದೂರವಾಣಿ ಮಾಡುತ್ತಾರೆ. ಸೆಕೆಯ ದಿನಗಳಲ್ಲಿ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ತೆರನಾಗಿರುತ್ತವೆ: "ಡಾಕ್ಟ್ರೇ, ಅಮ್ಮನಿಗೆ ಬೆಳಗಿನಿಂದ ಸ್ವಲ್ಪ ತಲೆ ಸುತ್ತುತ್ತಿದೆಯಂತೆ. ಏನೂ ಇಲ್ಲ, ಸುಮ್ಮನೆ ಕೇಳೋಣ ಅಂತ ಮಾಡಿದೆ." ಆ "ಏನೂ ಇಲ್ಲ" ಎಂಬ ಎರಡು ಪದಗಳೇ ನನಗೆ ಅಂಜಿಕೆ ಹುಟ್ಟಿಸುವುದು.

ಮೊದಲು ಈ ದೇಶದ ಸೆಕೆಯ ಸ್ವರೂಪವನ್ನು ನೋಡೋಣ. 2022ರ ಜುಲೈ 19ರಂದು ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಬ್ರಿಟನ್ನಿನ ಇತಿಹಾಸದಲ್ಲಿ ಉಷ್ಣಾಂಶ ನಲವತ್ತನ್ನು ಮುಟ್ಟಿದ್ದು ಅದೇ ಮೊದಲು. ಅದಕ್ಕೆ ಹಿಂದಿನ ದಾಖಲೆ 2019ರ ಜುಲೈನಲ್ಲಿ ಕೇಂಬ್ರಿಜ್‌ನ ಸಸ್ಯೋದ್ಯಾನದಲ್ಲಿ ಅಳೆದ 38.7 ಡಿಗ್ರಿ. ಮೂರೇ ವರ್ಷಗಳಲ್ಲಿ ಒಂದೂವರೆ ಡಿಗ್ರಿಗಿಂತ ಹೆಚ್ಚಿನ ಜಿಗಿತ. ಅದೇ ದಿನ ಲಂಡನ್ನಿನ ಪೂರ್ವದಂಚಿನ ವೆನ್ನಿಂಗ್ಟನ್ ಗ್ರಾಮದಲ್ಲಿ ಒಣಹುಲ್ಲಿಗೆ ತಗುಲಿದ ಬೆಂಕಿ ಮನೆಗಳನ್ನೇ ಸುಟ್ಟಿತು. ಆ ಬೇಸಿಗೆಯ ಸೆಕೆಯ ದಿನಗಳಲ್ಲಿ ಇಂಗ್ಲೆಂಡಿನಲ್ಲಿ ಸಾಮಾನ್ಯಕ್ಕಿಂತ ಹೆಚ್ಚಾಗಿ ಸಂಭವಿಸಿದ ಸಾವುಗಳನ್ನು ಇಲ್ಲಿಯ ಆರೋಗ್ಯ ಭದ್ರತಾ ಸಂಸ್ಥೆ ಮೂರು ಸಾವಿರದ ಹತ್ತಿರ ಎಂದು ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಜನ ಅರವತ್ತೈದು ದಾಟಿದವರು.

ಈ ಸಾವುಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅವು ಬೀದಿಯಲ್ಲಿ ಆಗುವುದಿಲ್ಲ. ಬಿಸಿಲಿನಲ್ಲಿ ಕುಸಿದು ಬಿದ್ದವರ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಸೆಕೆ ಹೆಚ್ಚಾಗಿ ಕೊಲ್ಲುವುದು ಮನೆಯೊಳಗೆ, ಆಸ್ಪತ್ರೆಯ ವಾರ್ಡಿನಲ್ಲಿ, ವೃದ್ಧಾಶ್ರಮದ ಹಾಸಿಗೆಯಲ್ಲಿ. ಮರಣಪತ್ರದಲ್ಲಿಯೂ "ಸೆಕೆ" ಎಂಬ ಪದ ಅಪರೂಪ. ಹೃದಯಾಘಾತ, ಪಾರ್ಶ್ವವಾಯು, ಮೂತ್ರಪಿಂಡದ ವೈಫಲ್ಯ ಎಂದೇ ಬರೆದಿರುತ್ತದೆ. ದೇಹ ಬಿಸಿಯಾದಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಶಾಖವನ್ನು ಹೊರಗೆ ಸಾಗಿಸಲು ಹೃದಯ ಹೆಚ್ಚು ರಕ್ತವನ್ನು ಚರ್ಮದೆಡೆಗೆ ದೂಡಬೇಕಾಗುತ್ತದೆ. ಇತ್ತ ಬೆವರಿನಿಂದ ನೀರು ಕಡಿಮೆಯಾಗಿ ರಕ್ತ ಗಟ್ಟಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಇಪ್ಪತ್ತೈದರ ಹೃದಯಕ್ಕೆ ಇದು ಮೆಟ್ಟಿಲು ಹತ್ತಿದಷ್ಟೇ ಶ್ರಮ. ಎಪ್ಪತ್ತೈದರ, ಸ್ಟೆಂಟ್ ಹಾಕಿಸಿಕೊಂಡ ಹೃದಯಕ್ಕೆ ಅದು ಇಡೀ ದಿನ ಬೆಟ್ಟ ಹತ್ತಿದಂತೆ. ರಾತ್ರಿಯೂ ಮನೆ ತಣಿಯದಿದ್ದರೆ ಆ ಏರುವಿಕೆಗೆ ವಿರಾಮವೇ ಇಲ್ಲ.

"ನಾವು ಬಿಸಿಲಿಗೆ ಒಗ್ಗಿದವರು" ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ದೇಹ ಶಾಖಕ್ಕೆ ಒಗ್ಗಿಕೊಳ್ಳುವುದು ನಿಜ. ಒಂದೆರಡು ವಾರ ದಿನವೂ ಸೆಕೆಯಲ್ಲಿದ್ದರೆ ಬೆವರು ಬೇಗ ಆರಂಭವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ದ್ರವಾಂಶ ಹೆಚ್ಚುತ್ತದೆ. ಆದರೆ ಈ ಒಗ್ಗುವಿಕೆ ಜನ್ಮಸಿದ್ಧವಾದುದಲ್ಲ, ಪಾಸ್‌ಪೋರ್ಟಿನಲ್ಲಿ ಮುದ್ರಿಸಿಕೊಂಡು ಬರುವಂಥದೂ ಅಲ್ಲ. ಸೆಕೆಯಿಂದ ದೂರವಾದ ಕೆಲವೇ ವಾರಗಳಲ್ಲಿ ಅದು ಕರಗಿಹೋಗುತ್ತದೆ. ಹದಿನೈದು ವರ್ಷ ಹ್ಯಾರೋದಲ್ಲಿ ವಾಸವಾಗಿರುವ ಕಲಬುರಗಿಯವರ ದೇಹ ಈಗ ಹ್ಯಾರೋದ ದೇಹವೇ. ಮೇ ತಿಂಗಳಿನಲ್ಲಿ ಬಂದ ಅವರ ತಂದೆಯವರ ದೇಹವೂ ಜುಲೈ ಕೊನೆಯ ಹೊತ್ತಿಗೆ ಬಹುಮಟ್ಟಿಗೆ ಹಾಗೆಯೇ ಆಗಿರುತ್ತದೆ.

ಇನ್ನು ಮನೆಯ ವಿಷಯ. ನನ್ನ ಮಟ್ಟಿಗೆ ಇದೇ ಮುಖ್ಯವಾದ ವಿಷಯ. ನಮ್ಮೂರಿನ ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ: ಮೊಳದಗಲದ ಮಣ್ಣಿನ ಗೋಡೆ, ಬಿಸಿಲನ್ನು ಹೊರಗೇ ತಡೆಯುವ ಇಳಿಜಾರು ಸೂರು, ಜಗಲಿ, ಬಿಸಿಗಾಳಿ ಮೇಲೇರಿ ಹೋಗಲು ಗವಾಕ್ಷಿ ಅಥವಾ ನಡುತೊಟ್ಟಿ, ಕಾಲಿಗೆ ತಂಪು ತಾಗುವ ಶಹಾಬಾದಿ ಕಲ್ಲಿನ ನೆಲ. ಹೊಸ ಮನೆಗಳಲ್ಲಿ ಇವು ಯಾವುವೂ ಇಲ್ಲದಿದ್ದರೂ ಪ್ರತಿ ಕೋಣೆಯ ನೆತ್ತಿಯ ಮೇಲೊಂದು ಫ್ಯಾನ್ ತಿರುಗುತ್ತಿರುತ್ತದೆ. ಬ್ರಿಟನ್ನಿನ ಮನೆ ಇದಕ್ಕೆ ತದ್ವಿರುದ್ಧವಾದ ಉದ್ದೇಶದಿಂದ ಕಟ್ಟಿದ್ದು. ಬಂದ ಶಾಖವನ್ನು ಹೊರಗೆ ಬಿಡದಿರುವುದೇ ಅದರ ಧರ್ಮ. ನೆಲಕ್ಕೆ ಕಾರ್ಪೆಟ್, ಗೋಡೆಗೆ ಉಷ್ಣರೋಧಕ, ಸೂರಿಲ್ಲದ ದೊಡ್ಡ ಗಾಜಿನ ಕಿಟಕಿ, ಫ್ಯಾನ್ ಇಲ್ಲ. ಹೊಸ ಮನೆಗಳು ಬೇಸಿಗೆಯಲ್ಲಿ ಅತಿಯಾಗಿ ಬಿಸಿಯಾಗದಂತೆ ಕಟ್ಟಬೇಕೆಂಬ ನಿಯಮ ಇಂಗ್ಲೆಂಡಿನ ಕಟ್ಟಡ ನಿಯಮಾವಳಿಗೆ ಸೇರಿದ್ದೇ 2022ರ ಜೂನ್‌ನಲ್ಲಿ. ಆ ಮೊದಲು ಕಟ್ಟಿದ ಮನೆಗಳಲ್ಲಿಯೇ ನಮ್ಮಲ್ಲಿ ಬಹುತೇಕರ ವಾಸ. ಹೊರಗೆ ಮೂವತ್ತೆರಡು ಎಂದರೆ ಒಳಗಿನ ಕತೆಯೇ ಬೇರೆ. ರಾಯಚೂರಿನ ನಲವತ್ತರೊಡನೆ ಹೋಲಿಸಬೇಕಾದದ್ದು ಹೊರಗಿನ ಅಂಕಿಯನ್ನಲ್ಲ, ರಾತ್ರಿ ಹನ್ನೊಂದು ಗಂಟೆಗೆ ನಿಮ್ಮ ಮೇಲಂತಸ್ತಿನ ಮಲಗುವ ಕೋಣೆಯಲ್ಲಿರುವ ಅಂಕಿಯನ್ನು.

ಅದರಲ್ಲಿಯೂ ನಾವು ಒಂದು ವಿಚಿತ್ರವಾದ ಕೆಲಸ ಮಾಡುತ್ತೇವೆ. ಸಾಲ ಮಾಡಿ ಅಟ್ಟವನ್ನು ಕೋಣೆಯಾಗಿ ಪರಿವರ್ತಿಸುತ್ತೇವೆ. ಊರಿನಿಂದ ಬಂದ ತಂದೆತಾಯಿಯರಿಗೆ ಪ್ರತ್ಯೇಕವಾದ ಕೋಣೆ, ಅಲ್ಲಿಯೇ ಸ್ನಾನಗೃಹ, ಯಾರ ಗದ್ದಲವೂ ಇಲ್ಲ ಎಂದು ಪ್ರೀತಿಯಿಂದ ಅವರನ್ನು ಅಲ್ಲಿಗೆ ಹತ್ತಿಸುತ್ತೇವೆ. ಇಡೀ ಮನೆಯಲ್ಲಿ ಅತ್ಯಂತ ಬಿಸಿಯಾದ ಸ್ಥಳ ಅದೇ. ದಿನವಿಡೀ ಹಂಚು ಕಾದಿರುತ್ತದೆ, ಕೆಳಗಿನ ಅಂತಸ್ತುಗಳ ಬಿಸಿಗಾಳಿಯೂ ಮೇಲೇರಿ ಅಲ್ಲಿಯೇ ನೆಲೆಸುತ್ತದೆ. 2003ರ ಆಗಸ್ಟ್ ತಿಂಗಳಿನಲ್ಲಿ ಫ್ರಾನ್ಸಿನಲ್ಲಿ ಸುಮಾರು ಹದಿನೈದು ಸಾವಿರ ಜನ ಸೆಕೆಗೆ ಬಲಿಯಾದ ಬಳಿಕ ನಡೆದ ಅಧ್ಯಯನಗಳಲ್ಲಿ, ಮಾಡಿನ ನೇರ ಕೆಳಗಿನ ಕೋಣೆಯಲ್ಲಿ ಮಲಗುವುದೇ ಒಂದು ಅಪಾಯಕಾರಿ ಅಂಶವೆಂದು ಕಂಡುಬಂದಿತು. ಆದ್ದರಿಂದ ಎಚ್ಚರಿಕೆ ಹೊರಬಿದ್ದ ದಿನಗಳಲ್ಲಿ ಹಿರಿಯರ ಹಾಸಿಗೆಯನ್ನು ಕೆಳಗಿಳಿಸಿ. ಬೈಠಕ್ಕಿನ ಕೋಣೆಯಲ್ಲಿ ಹಾಸಿಗೆ ಹಾಕುವುದು ಅತಿಥಿ ಸತ್ಕಾರಕ್ಕೆ ಕೊರತೆ ಎಂದು ಭಾವಿಸಬೇಡಿ. ನಮ್ಮೂರಿನಲ್ಲಿ ಮದುವೆಮನೆಗೆ ಹೋದರೆ ಪಡಸಾಲೆಯಲ್ಲಿ ಸಾಲಾಗಿ ಮಲಗಿಲ್ಲವೇ?

ಕಿಟಕಿಯ ಬಗ್ಗೆ ಅಮ್ಮಂದಿರೊಡನೆ ನನಗೆ ಸದಾ ವಾದ. "ಕಿಟಕಿ ತೆಗೆದಿಡಪ್ಪಾ, ಗಾಳಿ ಆಡಲಿ" ಎನ್ನುವುದು ಅವರ ಪದ್ಧತಿ, ಮತ್ತು ಬೆಂಗಳೂರಿನ ಹವೆಗೆ ಅದು ಸರಿಯಾದುದೇ. ಆದರೆ ಹೊರಗೆ ಮೂವತ್ತೈದಿದ್ದು ಒಳಗೆ ಇಪ್ಪತ್ತೇಳಿದ್ದರೆ, ತೆರೆದ ಕಿಟಕಿಯಿಂದ ಬರುವುದು ತಂಗಾಳಿಯಲ್ಲ, ಬಿಸಿ. ಹತ್ತು ಪೌಂಡಿಗಿಂತ ಕಡಿಮೆಗೆ ಸಿಗುವ ಎರಡು ಉಷ್ಣಮಾಪಕಗಳನ್ನು ಕೊಂಡು ಒಂದನ್ನು ಮನೆಯೊಳಗೆ, ಇನ್ನೊಂದನ್ನು ಹೊರಗೆ ನೆರಳಿನಲ್ಲಿ ತೂಗುಹಾಕಿ. ಹೊರಗಿನ ಅಂಕಿ ಒಳಗಿನದಕ್ಕಿಂತ ಮೇಲೇರಿದಾಗ ಕಿಟಕಿ ಮುಚ್ಚಿ, ಕೆಳಗಿಳಿದಾಗ ತೆರೆಯಿರಿ. ಜುಲೈನಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಸುಮಾರಿಗೆ. ಅತಿ ಹೆಚ್ಚಿನ ಬಿಸಿ ಇರುವುದು ಮಧ್ಯಾಹ್ನ ಮೂರರಿಂದ ಐದರವರೆಗೆ. ಹೀಗಾಗಿ ಕಿಟಕಿ ತೆರೆಯುವ ವೇಳೆ ಸಾಮಾನ್ಯವಾಗಿ ರಾತ್ರಿ ಊಟದ ನಂತರದಿಂದ ಬೆಳಗಿನ ಎಂಟು, ಒಂಬತ್ತರವರೆಗೆ. ಆಗ ಎದುರುಬದುರಿನ ಕಿಟಕಿಗಳನ್ನೂ ಅಟ್ಟದ ಕಿಟಕಿಯನ್ನೂ ಒಟ್ಟಿಗೆ ತೆರೆದರೆ ಅಟ್ಟವೇ ಗವಾಕ್ಷಿಯಾಗಿ ಕೆಲಸ ಮಾಡುತ್ತದೆ. ಹಳೆಯ ವಿಕ್ಟೋರಿಯನ್ ಮನೆಗಳ ಮೇಲೆ ಕೆಳಗೆ ಜಾರುವ ಕಿಟಕಿಗಳನ್ನು ಎರಡೂ ತುದಿಯಲ್ಲಿ ಅರ್ಧರ್ಧ ತೆರೆಯಬೇಕು: ಮೇಲಿನಿಂದ ಬಿಸಿಗಾಳಿ ಹೋಗುತ್ತದೆ, ಕೆಳಗಿನಿಂದ ತಂಪು ಬರುತ್ತದೆ. ಅವನ್ನು ಮಾಡಿದ್ದೇ ಅದಕ್ಕಾಗಿ. ಎಷ್ಟೋ ಮನೆಗಳಲ್ಲಿ ಮೇಲಿನ ಭಾಗ ಬಣ್ಣ ಬಳಿದು ಅಂಟಿಕೊಂಡುಬಿಟ್ಟಿದೆ!

ಪರದೆಯ ವಿಷಯದಲ್ಲಿಯೂ ಒಂದು ಮಾತು. ಒಳಗಿನ ಪರದೆ ಎಳೆಯುವುದು ಒಳ್ಳೆಯದೇ, ಆದರೆ ಆ ಹೊತ್ತಿಗೆ ಬಿಸಿಲು ಗಾಜನ್ನು ದಾಟಿ ಒಳಗೆ ಬಂದಾಗಿರುತ್ತದೆ. ಸ್ಪೇನ್, ಇಟಲಿಯ ಮನೆಗಳಲ್ಲಿ ಕಿಟಕಿಯ ಹೊರಗೆ ಮರದ ಬಾಗಿಲುಗಳಿರುವುದು ಈ ಕಾರಣಕ್ಕೇ. ನಮ್ಮಲ್ಲಿ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದುದೂ ಅದೇ ತತ್ತ್ವ. ಇಲ್ಲಿ ಲಾವಂಚ ಸಿಗದಿದ್ದರೂ ಪಶ್ಚಿಮಕ್ಕೆ ಮುಖ ಮಾಡಿದ ಕಿಟಕಿಯ ಹೊರಗೆ ಒಂದು ಹಳೆಯ ಬಿಳಿಯ ಬೆಡ್‌ಶೀಟನ್ನು ಭದ್ರವಾಗಿ ಕಟ್ಟಲು ಅಡ್ಡಿಯಿಲ್ಲ. ನೆರೆಯವರು ನೋಡಿ ಏನೆಂದುಕೊಂಡಾರೋ ಎಂಬ ಸಂಕೋಚ ಬೇಡ. ಎರಡನೆಯ ದಿನ ಅವರೂ ಕಟ್ಟುತ್ತಾರೆ.

ಫ್ಯಾನ್ ಬಗ್ಗೆ ಹಲವರಿಗೆ ತಿಳಿಯದ ಸಂಗತಿಯೊಂದಿದೆ. ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ; ನಮ್ಮ ಬೆವರನ್ನು ಬೇಗ ಆವಿಯಾಗಿಸುತ್ತದೆ, ಅಷ್ಟೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ದೇಹದಿಂದ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊರಹೋಗುತ್ತದೆ. ಅದಕ್ಕಿಂತ ಸಮರ್ಥವಾದ ಯಂತ್ರ ಇನ್ನೊಂದಿಲ್ಲ. ಆದರೆ ಕೋಣೆಯ ಗಾಳಿ 35 ಡಿಗ್ರಿಗಿಂತ ಬಿಸಿಯಾದಾಗ ಅದು ಚರ್ಮಕ್ಕಿಂತ ಬಿಸಿ. ಆಗ ಫ್ಯಾನ್ ಬೆವರು ಕಡಿಮೆ ಬರುವ ವೃದ್ಧರ ಮೇಲೆ ಬಿಸಿಯನ್ನೇ ಬೀಸುತ್ತದೆ. ಇಲ್ಲಿಯ ಆರೋಗ್ಯ ಇಲಾಖೆಯೂ ಫ್ಯಾನ್ ಬಳಕೆಗೆ 35 ಡಿಗ್ರಿಯನ್ನು ಮಿತಿಯಾಗಿ ಹೇಳುತ್ತದೆ. ಆ ಮಿತಿಯ ಒಳಗೆ ಕೂಡ ಹಿರಿಯರಿಗೆ ಬರಿಯ ಫ್ಯಾನ್ ಸಾಲದು, ಅವರ ಚರ್ಮಕ್ಕೆ ನಾವು ಬೆವರನ್ನು ಒದಗಿಸಬೇಕು: ಒದ್ದೆ ಮಾಡಿ ಹಿಂಡಿದ ಪಂಚೆಯನ್ನು ಹೆಗಲಿಗೆ ಹೊದಿಸುವುದು, ತೋಳು ಮುಖಗಳಿಗೆ ನೀರು ಚಿಮುಕಿಸುವುದು, ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಟ್ಟು ಕೂರಿಸುವುದು. ಇದರಲ್ಲಿ ಹೊಸದೇನೂ ಇಲ್ಲ. ನಮ್ಮ ಅಜ್ಜಂದಿರು ಹೊಲದಿಂದ ಬಂದು ಇದನ್ನೇ ಮಾಡುತ್ತಿದ್ದರು.

ಮನೆಗೆ ಹವಾನಿಯಂತ್ರಕ ಹಾಕಿಸಬೇಕೇ ಎಂದು ಅನೇಕರು ಕೇಳುತ್ತಾರೆ. ಪರಿಸರದ ಹೆಸರಿನಲ್ಲಿ ಅದನ್ನು ಪಾಪವೆಂಬಂತೆ ನೋಡುವವರಿದ್ದಾರೆ. ಆ ವಾದ ನನಗೆ ಒಪ್ಪಿಗೆಯಿಲ್ಲ. ಇಡೀ ಮನೆಯನ್ನು ಹದಿನೆಂಟು ಡಿಗ್ರಿಗೆ ಇಳಿಸಿ ಹೊದ್ದು ಮಲಗುವುದು ದುಂದುಗಾರಿಕೆ. ಆದರೆ ಹೃದ್ರೋಗಿಯೊಬ್ಬರಿರುವ ಮನೆಯಲ್ಲಿ ಒಂದೇ ಒಂದು ಕೋಣೆಯನ್ನು ವರ್ಷಕ್ಕೆ ಹತ್ತು ಹದಿನೈದು ದಿನ ಇಪ್ಪತ್ತಾರಕ್ಕೆ ಇಳಿಸಿಡುವುದು ಔಷಧಿಯಷ್ಟೇ ನ್ಯಾಯವಾದುದು. ಚಕ್ರದ ಮೇಲೆ ಉರುಳಿಸುವ ಯಂತ್ರವನ್ನು ಕೊಂಡರೆ ಅದರ ಬಿಸಿಗಾಳಿಯ ಕೊಳವೆ ಕಿಟಕಿಯ ಹೊರಗೆ ಹೋಗಬೇಕು, ಉಳಿದ ಸಂದು ಮುಚ್ಚಿರಬೇಕು. ಕೊಳವೆಯನ್ನು ಕೋಣೆಯೊಳಗೇ ಬಿಟ್ಟು "ಇದು ಕೆಲಸವನ್ನೇ ಮಾಡುವುದಿಲ್ಲ" ಎಂದು ದೂರುವವರು ಇದ್ದಾರೆ.

ಕುಡಿಯುವ ವಿಷಯದಲ್ಲಿ ನಮ್ಮ ಅಡುಗೆಮನೆ ಯಾರಿಗೂ ಕಡಿಮೆಯಲ್ಲ. ನೀರುಮಜ್ಜಿಗೆ, ನಿಂಬೆಹಣ್ಣಿನ ಪಾನಕ, ಸೌತೆಕಾಯಿ ಕೋಸಂಬರಿ, ರಾಗಿ ಅಂಬಲಿ, ಎಲ್ಲವೂ ಒಳ್ಳೆಯವೇ. ಆದರೆ ಸಕ್ಕರೆ ಕಾಯಿಲೆಯವರಿಗೆ ಬೆಲ್ಲದ ಪಾನಕ, ರಕ್ತದೊತ್ತಡದವರಿಗೆ ಉಪ್ಪು ಸುರಿದ ಮಜ್ಜಿಗೆ ಎಂದಾಗ ಅಳತೆ ಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುವುದರಿಂದ "ಬೇಕೆನಿಸಿದಾಗ ಕುಡಿಯಿರಿ" ಎಂಬ ಸಲಹೆ ಹಿರಿಯರಿಗೆ ಸಲ್ಲದು. ರಾತ್ರಿ ಎದ್ದು ಹೋಗಬೇಕಾಗುತ್ತದೆಂದು, ಅಟ್ಟದ ಮೆಟ್ಟಿಲು ಇಳಿಯಬೇಕಾಗುತ್ತದೆಂದು, ಬೇಕೆಂತಲೇ ನೀರು ಕಡಿಮೆ ಕುಡಿಯುವ ತಾಯಂದಿರು ಎಷ್ಟೋ ಜನ. ಹಾಸಿಗೆಯನ್ನು ಕೆಳಗಿಳಿಸಬೇಕೆನ್ನಲು ಇದೂ ಒಂದು ಕಾರಣ. ಬಿಸಿ ಕಾಫಿ ಬಿಡಿರೆಂದು ನಾನು ಯಾವ ತಾಯಿಗೂ ಹೇಳಿಲ್ಲ. ಹೇಳಿದರೂ ಅವರು ಕೇಳುವವರಲ್ಲ, ಹಿತಮಿತವಾದ ಕಾಫಿ ದೇಹದ ನೀರಿನ ಲೆಕ್ಕಕ್ಕೇ ಸೇರುತ್ತದೆ. ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳುವುದರಿಂದ ಹಾನಿಯೇನೂ ಇಲ್ಲ, ನೀರು ಕುಡಿಯುವುದನ್ನು ಮರೆಯದಿದ್ದರೆ ಸಾಕು.

ಏಕಾದಶಿಯ ಬಗ್ಗೆ ಬರೆಯಬೇಕೋ ಬೇಡವೋ ಎಂದು ಯೋಚಿಸಿ, ಬರೆಯಲೇಬೇಕೆಂದು ನಿಶ್ಚಯಿಸಿದೆ. ಜ್ಯೇಷ್ಠದ ನಿರ್ಜಲ ಏಕಾದಶಿ, ಆಷಾಢದ ಪ್ರಥಮೈಕಾದಶಿ ಎರಡೂ ಇಲ್ಲಿಯ ಸೆಕೆಯ ದಿನಗಳಲ್ಲಿಯೇ ಬರುತ್ತವೆ. ತೊಟ್ಟು ನೀರೂ ಇಲ್ಲದ ಉಪವಾಸ, ಅದರ ಮೇಲೆ ಬೆಳಗಿನ ರಕ್ತದೊತ್ತಡದ ಮಾತ್ರೆ, ಅದರ ಮೇಲೆ ಅಟ್ಟದ ಕೋಣೆ ಮತ್ತು ಬೆಳಗಿನ ಐದಕ್ಕೇ ಹುಟ್ಟಿ ರಾತ್ರಿ ಒಂಬತ್ತರವರೆಗೆ ಮುಳುಗದ ಸೂರ್ಯ. ವ್ರತದ ವಿಚಾರದಲ್ಲಿ ವೈದ್ಯರು ಅಪ್ಪಣೆ ಕೊಡುವವರಲ್ಲ. ಆದರೆ ರೋಗಿಗಳಿಗೂ ವೃದ್ಧರಿಗೂ ಧರ್ಮವೇ ವಿನಾಯಿತಿ ನೀಡಿದೆ ಎಂಬುದನ್ನು ಅವರಿಗೆ ಗೌರವದಿಂದ ನೆನಪಿಸುವುದು ಮಕ್ಕಳ ಕರ್ತವ್ಯ. ಮಗ ಹೇಳಿದರೆ ಕೇಳದವರು ತಮ್ಮ ಮಠದ ಆಚಾರ್ಯರು ಫೋನಿನಲ್ಲಿ ಒಂದು ಮಾತು ಹೇಳಿದರೆ ಕೇಳುತ್ತಾರೆ. ಆ ಫೋನ್ ಮಾಡಿಸಿ.

ಮಾತ್ರೆಗಳ ಕುರಿತು. ನಮ್ಮ ಹಿರಿಯರು ಆರು ತಿಂಗಳ ಔಷಧಿಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ. ಅದರಲ್ಲಿ ಮೂತ್ರ ಹೆಚ್ಚಿಸುವ ಮಾತ್ರೆಗಳು, ರಕ್ತದೊತ್ತಡದ ಕೆಲವು ಮಾತ್ರೆಗಳು, ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಹೊಸ ಬಗೆಯ ಮಾತ್ರೆಗಳು, ಕೆಲವು ಮಾನಸಿಕ ಚಿಕಿತ್ಸೆಯ ಔಷಧಿಗಳು ಇದ್ದರೆ ಸೆಕೆಯಲ್ಲಿ ನಿರ್ಜಲೀಕರಣದ ಅಪಾಯವೋ, ಬೆವರು ಬಾರದಿರುವ ಅಪಾಯವೋ ಹೆಚ್ಚುತ್ತದೆ. ಹಾಗೆಂದು ತಾವಾಗಿಯೇ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ. ಮೇ ತಿಂಗಳಿನಲ್ಲಿಯೇ, ಊರಿನಿಂದ ಹೊರಡುವ ಮೊದಲು, ಅವರನ್ನು ನೋಡುವ ವೈದ್ಯರಲ್ಲಿ "ಸೆಕೆ ಹೆಚ್ಚಾದರೆ, ವಾಂತಿ ಭೇದಿಯಾದರೆ ಯಾವುದನ್ನು ಎಷ್ಟು ದಿನ ಬಿಡಬೇಕು" ಎಂದು ಕೇಳಿ ಬರೆಸಿಕೊಂಡು ಬನ್ನಿ. ಹೃದಯ ದುರ್ಬಲವಾಗಿರುವವರಿಗೆ ದಿನಕ್ಕೆ ಇಷ್ಟೇ ನೀರು ಎಂಬ ಮಿತಿ ಇದ್ದರೆ ಅದನ್ನೂ ಆಗಲೇ ಕೇಳಿ. ಇನ್ಸುಲಿನ್ ಅಟ್ಟದ ಕೋಣೆಯ ಸೂಟ್‌ಕೇಸಿನಲ್ಲಿ ಇರಬಾರದು.

ಇನ್ನು ಅಪಾಯದ ಗುರುತು. ತಲೆ ಸುತ್ತು, ತಲೆನೋವು, ವಾಕರಿಕೆ, ಸುಸ್ತು, ಸ್ನಾಯು ಸೆಳೆತ, ವಿಪರೀತ ಬೆವರು, ಬಿಳಚಿದ ಚರ್ಮ ಕಂಡರೆ ಅದು ಸೆಕೆಯ ಬಳಲಿಕೆ. ತಂಪಾದ ಕಡೆ ಮಲಗಿಸಿ, ಕಾಲನ್ನು ತುಸು ಎತ್ತರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಮೈ ಒದ್ದೆ ಮಾಡಿ ಗಾಳಿ ಹಾಕಿ, ಕಂಕುಳಿಗೂ ಕುತ್ತಿಗೆಗೂ ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು ನೀರು ಕುಡಿಸಿದರೆ ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳಬೇಕು. ಆಗದಿದ್ದರೆ, ಅಥವಾ ಮಾತು ತೊದಲಿದರೆ, ಗೊಂದಲಕ್ಕೊಳಗಾದರೆ, ಮೈ ಕೆಂಡದಂತಿದ್ದೂ ಬೆವರದಿದ್ದರೆ, ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ ತಡಮಾಡದೆ 999. ಆಂಬುಲೆನ್ಸ್ ಬರುವವರೆಗೆ ಮೈ ತಂಪು ಮಾಡುವುದನ್ನು ನಿಲ್ಲಿಸಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ, ಇದು ಜ್ವರವಲ್ಲ.

ಈ 999ರ ವಿಷಯದಲ್ಲಿ ನಮ್ಮವರು ಹಿಂಜರಿಯುವುದನ್ನು ನಾನು ಕಂಡಿದ್ದೇನೆ. "ವಿಸಿಟರ್ ವೀಸಾದಲ್ಲಿ ಬಂದವರು, ವಿಮೆ ಸರಿಯಾಗಿ ಇಲ್ಲ, ಸಾವಿರಾರು ಪೌಂಡ್ ಬಿಲ್ ಬಂದರೆ?" ಎಂಬ ಅಂಜಿಕೆ. ಅಮ್ಮನೇ ಮಗನ ಕೈ ಹಿಡಿದು "ಬೇಡ ಕಣಪ್ಪ, ಸುಮ್ಮನೆ ಖರ್ಚು, ನಾಳೆಗೆ ಸರಿಹೋಗುತ್ತೆ" ಎನ್ನುತ್ತಾರೆ. ತಿಳಿದುಕೊಳ್ಳಿ: ಇಂಗ್ಲೆಂಡಿನಲ್ಲಿ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೊಡುವ ಚಿಕಿತ್ಸೆಗೆ ಯಾವ ದೇಶದವರಿಗೂ ಶುಲ್ಕವಿಲ್ಲ. ಒಳರೋಗಿಯಾಗಿ ದಾಖಲಾದ ನಂತರ ಪ್ರವಾಸಿಗಳಿಗೆ ಶುಲ್ಕವಿದೆ, ಅದು ಕಡಿಮೆಯೂ ಅಲ್ಲ. ಆದರೂ ಜೀವ ಉಳಿಸುವ ಚಿಕಿತ್ಸೆಯನ್ನು ಹಣಕ್ಕಾಗಿ ತಡೆಹಿಡಿಯುವಂತಿಲ್ಲ. ತಂದೆತಾಯಿಯರಿಗೆ ವಿಮಾನದ ಟಿಕೆಟ್ ಕೊಳ್ಳುವ ದಿನವೇ, ಇರುವ ಕಾಯಿಲೆಗಳನ್ನು ಮುಚ್ಚಿಡದೆ ಬರೆದು, ಅವುಗಳಿಗೂ ಅನ್ವಯಿಸುವ ವಿಮೆ ಮಾಡಿಸಿ. ಟಿಕೆಟ್ಟಿನಲ್ಲಿ ಐವತ್ತು ಪೌಂಡ್ ಉಳಿಸಲು ಮೂರು ರಾತ್ರಿ ಜಾಲತಾಣ ಹುಡುಕುವ ನಾವು ವಿಮೆಯ ಮುಂದೆ ಮಾತ್ರ ಕೈ ಮುದುಡಿಕೊಳ್ಳುವುದೇಕೋ ನನಗೆ ಅರ್ಥವಾಗಿಲ್ಲ.

ಮನೆ ತಣಿಯದಿದ್ದರೆ ಮನೆಯಿಂದ ಹೊರಬರಬೇಕು. ಲಂಡನ್ ಮಹಾನಗರಾಡಳಿತ ಸೆಕೆಯ ದಿನಗಳಲ್ಲಿ ಸಾರ್ವಜನಿಕರು ಕುಳಿತುಕೊಳ್ಳಬಹುದಾದ ತಂಪು ತಾಣಗಳ ನಕಾಶೆಯನ್ನು ಪ್ರಕಟಿಸುತ್ತದೆ: ಗ್ರಂಥಾಲಯಗಳು, ಸಮುದಾಯ ಭವನಗಳು, ಪ್ರಾರ್ಥನಾಲಯಗಳು. ದಪ್ಪ ಕಲ್ಲಿನ ಹಳೆಯ ಚರ್ಚುಗಳು ನಮ್ಮೂರಿನ ಗುಡಿಗಳಷ್ಟೇ ತಂಪು. ಆದರೆ ಪ್ರಯಾಣದ ದಾರಿ ನೋಡಿಕೊಳ್ಳಿ. ಸೆಂಟ್ರಲ್ ಮತ್ತು ಬೇಕರ್ಲೂ ಸುರಂಗ ರೈಲುಗಳಲ್ಲಿ ಹವಾನಿಯಂತ್ರಣವಿಲ್ಲ, ಆಳದ ಸುರಂಗದ ಮಣ್ಣೇ ದಶಕಗಳಿಂದ ಕಾದು ಕುಳಿತಿದೆ. ಮೆಟ್ರೋಪಾಲಿಟನ್, ಡಿಸ್ಟ್ರಿಕ್ಟ್, ಎಲಿಜಬೆತ್ ಮಾರ್ಗಗಳಲ್ಲಿ ತಂಪಿದೆ. ಹ್ಯಾರೋ, ವೆಂಬ್ಲಿ ಕಡೆಯವರಿಗೆ ಇದು ಅನುಕೂಲ. ಮಕ್ಕಳಿರುವವರಿಗೆ ಇನ್ನೊಂದು ಮಾತು: ಗಾಳಿ ಮೂವತ್ತೈದಿದ್ದರೂ ಇಲ್ಲಿಯ ಕೆರೆ ನದಿಗಳ ನೀರು ಕೊರೆಯುತ್ತಲೇ ಇರುತ್ತದೆ. ಒಮ್ಮೆಲೇ ಧುಮುಕಿದರೆ ಉಸಿರು ಕಟ್ಟಿ, ಈಜು ಬಲ್ಲವರೂ ಮುಳುಗುತ್ತಾರೆ. ಪ್ರತಿ ಬಿಸಿಗಾಳಿಯಲ್ಲೂ ಹದಿಹರೆಯದವರು ಹೀಗೆ ಸಾಯುತ್ತಿದ್ದಾರೆ.

ಇಲ್ಲಿಯವರೆಗೆ ಬರೆದದ್ದು ಮನೆಮನೆಯ ಮಾತು. ಬಳಗವಾಗಿ ನಾವು ಬದಲಾಯಿಸಿಕೊಳ್ಳಬೇಕಾದದ್ದೂ ಇದೆ. ನಮ್ಮ ಬೇಸಿಗೆ ಕೂಟ, ಕ್ರೀಡಾದಿನಗಳು ಬೆಳಗ್ಗೆ ಹನ್ನೊಂದಕ್ಕೆ ಎಂದು ಮುದ್ರಿತವಾಗಿ, ಹನ್ನೆರಡೂವರೆಗೆ ಆರಂಭವಾಗಿ, ಊಟವಾಗುವ ಹೊತ್ತಿಗೆ ಮೂರಾಗಿರುತ್ತದೆ. ಹಗ್ಗಜಗ್ಗಾಟ ನಡೆಯುವುದು ಸರಿಯಾಗಿ ದಿನದ ಅತ್ಯಂತ ಬಿಸಿಯ ಗಳಿಗೆಯಲ್ಲಿ, ಅದೂ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು. ಬಿಸಿಲ ನಾಡಿನವರ ನಿಜವಾದ ಜಾಣ್ಮೆ ಸಹಿಸುವುದರಲ್ಲಿ ಇರಲಿಲ್ಲ, ತಪ್ಪಿಸಿಕೊಳ್ಳುವುದರಲ್ಲಿತ್ತು. ಕಲಬುರಗಿ ಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರವೇ ತನ್ನ ಕಚೇರಿಗಳ ವೇಳೆಯನ್ನು ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಾಯಿಸುತ್ತದೆ. ರಾಯಚೂರಿನವರು ಮಧ್ಯಾಹ್ನದ ಬಿಸಿಲಿನಲ್ಲಿ ಹಗ್ಗ ಎಳೆಯುವುದಿಲ್ಲ. ಅಂಬರ್ ಅಥವಾ ಕೆಂಪು ಎಚ್ಚರಿಕೆ ಹೊರಟ ವಾರಾಂತ್ಯದಲ್ಲಿ ಹೊರಾಂಗಣ ಕಾರ್ಯಕ್ರಮವನ್ನು ಮುಂದೂಡುವ ನಿಯಮವೊಂದನ್ನು ನಮ್ಮ ಕಾರ್ಯಕಾರಿ ಸಮಿತಿ ಅಂಗೀಕರಿಸಬೇಕೆಂಬುದು ನನ್ನ ಬೇಡಿಕೆ. ಸಭಾಂಗಣದ ಮುಂಗಡ ಹಣ ಹೋದರೆ ಹೋಗಲಿ.

1995ರ ಜುಲೈನಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಕೆಲವೇ ದಿನಗಳ ಸೆಕೆಗೆ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್ ಆ ಸಾವುಗಳ ಬೆನ್ನುಹತ್ತಿ ಹೋದಾಗ ಕಂಡುಕೊಂಡ ಮುಖ್ಯ ಸಂಗತಿ, ಬಡತನದೊಡನೆ ಒಂಟಿತನವೂ ಕೊಂದಿತ್ತು ಎಂಬುದು. ಬೀದಿಯಲ್ಲಿ ಅಂಗಡಿ, ಜನಸಂಚಾರ, ಮಾತುಕತೆ ಇದ್ದ ಬಡಾವಣೆಗಳಲ್ಲಿ ಸಾವು ಕಡಿಮೆಯಿತ್ತು. ಅಷ್ಟೇ ಬಡತನವಿದ್ದೂ ಬೀದಿ ನಿರ್ಜನವಾಗಿದ್ದ ಪಕ್ಕದ ಬಡಾವಣೆಯಲ್ಲಿ ಹೆಚ್ಚಿತ್ತು. ನಮ್ಮ ದೇಶದ ಅಹಮದಾಬಾದ್ ನಗರ 2010ರ ಮೇ ತಿಂಗಳ ಭೀಕರ ಸೆಕೆಯ ನಂತರ, 2013ರಲ್ಲಿ, ದಕ್ಷಿಣ ಏಷ್ಯಾದಲ್ಲಿಯೇ ಮೊದಲ ಬಾರಿಗೆ ಸೆಕೆಯನ್ನೆದುರಿಸುವ ನಗರ ಯೋಜನೆಯೊಂದನ್ನು ರೂಪಿಸಿತು. ಎಚ್ಚರಿಕೆಯನ್ನು ಜನರ ಭಾಷೆಯಲ್ಲಿ ಜನರಿಗೆ ಮುಟ್ಟಿಸುವುದು ಅದರ ಮೊದಲ ಅಂಗ.

ಆ ಭಾಷೆಯ ಕೆಲಸವನ್ನು ಇಲ್ಲಿ ಯಾವ ಸರ್ಕಾರವೂ ನಮಗಾಗಿ ಮಾಡಲಾರದು. ಇಂಗ್ಲಿಷಿನಲ್ಲಿ ಯಾರಾದರೂ ವಿಚಾರಿಸಿದರೆ ನಮ್ಮ ಹಿರಿಯರ ಉತ್ತರ "ಐ ಆಮ್ ಫೈನ್" ಎಂದೇ. ಕನ್ನಡದಲ್ಲಿ "ಹೇಗಿದ್ದೀರಿ?" ಎಂದು ಕೇಳಿದರೂ ಮೊದಲ ಉತ್ತರ "ಚೆನ್ನಾಗಿದ್ದೇವೆ." ಆದ್ದರಿಂದ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಈಗ ಯಾವ ಕೋಣೆಯಲ್ಲಿ ಕುಳಿತಿದ್ದೀರಿ, ಮೇಲೋ ಕೆಳಗೋ? ಕಿಟಕಿ ತೆರೆದಿದೆಯೋ ಮುಚ್ಚಿದೆಯೋ? ಬೆಳಗಿನಿಂದ ಎಷ್ಟು ಲೋಟ ಮಜ್ಜಿಗೆಯಾಯಿತು? ಬಚ್ಚಲಿಗೆ ಎಷ್ಟು ಸಲ ಹೋಗಿದ್ದಿರಿ, ಬಣ್ಣ ಹೇಗಿತ್ತು? ಇವತ್ತಿನ ಮಾತ್ರೆ ಯಾವ್ಯಾವುದು? ನಿನ್ನೆ ರಾತ್ರಿ ನಿದ್ದೆ ಬಂತೇ? ಐದು ನಿಮಿಷದ ಮಾತು. ಉತ್ತರಗಳಿಗಿಂತ ಹೆಚ್ಚಾಗಿ ಮಾತಿನ ಧಾಟಿಯೇ ಹೇಳುತ್ತದೆ: ಎಂದೂ ಮೊಮ್ಮಗಳ ಬಗ್ಗೆ ಹತ್ತು ನಿಮಿಷ ಹೇಳುವವರು ಇಂದು ಒಂದೊಂದೇ ಪದದಲ್ಲಿ ಉತ್ತರಿಸುತ್ತಿದ್ದರೆ ಮಗನ ಕಚೇರಿಗೆ ಆ ಕ್ಷಣವೇ ಫೋನ್ ಮಾಡಬೇಕು.

ಇದಕ್ಕಾಗಿ ಬಳಗದಲ್ಲಿ ಒಂದು ಸಣ್ಣ ಪಟ್ಟಿ ಸಿದ್ಧಪಡಿಸೋಣವೆಂದು ಪ್ರಸ್ತಾಪಿಸುತ್ತಿದ್ದೇನೆ. ಹಗಲಿನಲ್ಲಿ ಮನೆಯಲ್ಲಿ ಒಂಟಿಯಾಗಿರುವ ಹಿರಿಯರ ಹೆಸರು, ಅವರ ಫೋನ್ ಸಂಖ್ಯೆ, ಮಕ್ಕಳ ಸಂಖ್ಯೆ, ಮನೆಯ ಪೋಸ್ಟ್‌ಕೋಡ್, ಪಕ್ಕದ ಮನೆಯಲ್ಲಿ ಬೀಗದ ಕೈ ಇದೆಯೇ ಎಂಬ ವಿವರ. ಅಷ್ಟು ಸಾಕು, ಕಾಯಿಲೆಗಳ ವಿವರ ಪಟ್ಟಿಯಲ್ಲಿ ಬೇಡ. ಇಂಗ್ಲೆಂಡಿನ ಆರೋಗ್ಯ ಎಚ್ಚರಿಕೆಗಳು ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಹೊರಡುತ್ತವೆ, ನೋಂದಾಯಿಸಿಕೊಂಡರೆ ಇಮೇಲಿಗೇ ಬರುತ್ತವೆ. ಅಂಬರ್ ಎಚ್ಚರಿಕೆ ಬಂದ ದಿನಗಳಲ್ಲಿ ಪ್ರತಿಯೊಬ್ಬ ಸ್ವಯಂಸೇವಕರೂ ಐದು ಮನೆಗಳಿಗೆ ಎರಡು ಸಲ ಕರೆ ಮಾಡಬೇಕು, ಬೆಳಗ್ಗೆ ಹತ್ತಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ. ಸಂಜೆಯ ಕರೆಯೇ ಮುಖ್ಯ, ಏಕೆಂದರೆ ಆ ಹೊತ್ತಿಗೆ ಮನೆ ಕಾದಿರುತ್ತದೆ, ಮಕ್ಕಳು ಇನ್ನೂ ರೈಲಿನಲ್ಲಿರುತ್ತಾರೆ. ಬೇಸಿಗೆ ರಜೆಯಲ್ಲಿರುವ ನಮ್ಮ ವಿಶ್ವವಿದ್ಯಾಲಯದ ಮಕ್ಕಳು ಇದಕ್ಕೆ ತಕ್ಕವರು. ಅವರ ಕನ್ನಡ ಹರಕುಮುರುಕಾಗಿದ್ದರೂ ಚಿಂತೆಯಿಲ್ಲ, ಅಜ್ಜಿಯರು ತಿದ್ದುತ್ತ ಮಾತಾಡಿಸುತ್ತಾರೆ. ಮೊದಲ ಐದು ಮನೆಗಳನ್ನು ನನ್ನ ಹೆಸರಿನ ಮುಂದೆ ಬರೆದುಕೊಳ್ಳಿ. ಮುಂದಿನ ತಿಂಗಳ ಸಭೆಯಲ್ಲಿ ಉಳಿದ ಹೆಸರುಗಳನ್ನು ಸೇರಿಸೋಣ.